ನೀಲಿ ಕಲೆಯ ಜಾಡು ಹಿಡಿದು

ಗೋವಾದ ವಾಳಪೈ ಪೇಟೆಯ ಯಾವುದೇ ಗ್ಯಾರೇಜಿಗೆ ಹಳೆಯ ಬೈಕು ತಳ್ಳಿಕೊಂಡು ಹೋಗಿ ‘ಟ್ಯಾಂಕಿನ ಕೆಳಗೆ ಪೆಟ್ರೋಲ್ ತೊಟ್ಟಿಕ್ಕುತ್ತಿದೆ’ ಎಂದರೆ ಮೆಕ್ಯಾನಿಕ್ ತಲೆ ಕೆಡಿಸಿಕೊಳ್ಳುವುದಿಲ್ಲ. ಪೆಟ್ರೋಲ್ ಕಾಕ್ ಬಿಚ್ಚಿ, ಸವೆದ ರಬ್ಬರ್ ವಾಷರ್ ಬದಲಿಸಿ, ಎರಡು ಸಲ ಆನ್–ಆಫ್ ತಿರುಗಿಸಿ ನೋಡಿ ಬೈಕು ಕೊಟ್ಟುಬಿಡುತ್ತಾನೆ. ಚಹಾ ಆರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ಇದೇ ಕಾಕ್‌ನ ಅಣ್ಣನೊಬ್ಬ ಸಣ್ಣ ವಿಮಾನದಲ್ಲೂ ಇದ್ದಾನೆ. ಅವನು ಸೋರಲು ಶುರುಮಾಡಿದರೆ ಮಾತ್ರ ಚಹಾದ ಲೆಕ್ಕ ನಡೆಯುವುದಿಲ್ಲ.

ವಾಳಪೈಯಲ್ಲಿ ವಿಮಾನ ನಿಲ್ದಾಣವಿಲ್ಲ. ಚೋರ್ಲಾ ಘಾಟು ಹತ್ತಿ ಬೆಳಗಾವಿ ಸೇರಿದರೆ ಸಾಂಬ್ರಾದಲ್ಲಿ ತರಬೇತಿ ವಿಮಾನಗಳು ಹಾರುವುದು ಕಾಣಿಸುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಂತೂ ಸರ್ಕಾರಿ ವೈಮಾನಿಕ ತರಬೇತಿ ಶಾಲೆ 1948ರಿಂದಲೇ ಇದೆ. ಇಂಥ ಶಾಲೆಗಳಲ್ಲಿ ಪೈಲಟ್ ಆಗಹೊರಟವರ ಮೊದಲ ಮೇಷ್ಟ್ರು ಬಹಳ ಸಲ ಸೆಸ್ನಾ 152 ಅಥವಾ ಸೆಸ್ನಾ 172.

172ರ ಎರಡು ರೆಕ್ಕೆಗಳೂ ಪೈಲಟ್‌ನ ತಲೆಯ ಮೇಲಿವೆ. ಇಂಧನ ಇರುವುದು ಆ ರೆಕ್ಕೆಗಳೊಳಗೇ. ಅಟ್ಟದ ಮೇಲಿನ ಟಾಕಿಯಿಂದ ನಲ್ಲಿಗೆ ನೀರು ಬರುವಂತೆ ಇಂಧನ ತನ್ನ ಭಾರಕ್ಕೇ ಕೆಳಗಿಳಿಯುತ್ತದೆ. ಮುಂದಿನ ಎರಡು ಸೀಟುಗಳ ನಡುವೆ, ನೆಲದ ಮೇಲೆ ಒಂದು ತಿರುಗಣೆ: ಎಡ, ಎರಡೂ, ಬಲ. ಇದೇ ಫ್ಯೂಯೆಲ್ ಸೆಲೆಕ್ಟರ್ ವಾಲ್ವ್. ಇದಲ್ಲದೆ ರೆಕ್ಕೆಯಡಿ ಮತ್ತು ಹೊಟ್ಟೆಯಡಿ ಪುಟ್ಟ ಡ್ರೈನ್ ವಾಲ್ವ್‌ಗಳಿವೆ. 172ರ ‘ಎಸ್’ ಮಾದರಿಯಲ್ಲಿ ಅವುಗಳ ಸಂಖ್ಯೆ 13. ಪೆಟ್ರೋಲಿಗಿಂತ ನೀರು ಭಾರ, ತಳಕ್ಕೆ ಇಳಿಯುತ್ತದೆ. ಅದಕ್ಕೇ ಹಾರುವ ಮೊದಲು ಪೈಲಟ್ ಪ್ರತಿಯೊಂದನ್ನೂ ಒತ್ತಿ, ಪಾರದರ್ಶಕ ಲೋಟದಲ್ಲಿ ಒಂದಿಷ್ಟು ಹಿಡಿದು, ಬೆಳಕಿಗೆ ಎತ್ತಿ ನೋಡಬೇಕು. ಸಹ್ಯಾದ್ರಿಯ ಮಳೆಯಲ್ಲಿ ನಿಂತ ವಿಮಾನವಾದರೆ ಇದನ್ನು ತಪ್ಪಿಸುವ ಮಾತೇ ಇಲ್ಲ.

ಹೀಗೆ ದಿನಾ ಒತ್ತಿಸಿಕೊಳ್ಳುವ ವಾಲ್ವ್ ಒಂದಲ್ಲ ಒಂದು ದಿನ ಮುನಿಸಿಕೊಳ್ಳುತ್ತದೆ. ವಾಲ್ವ್ ಕೂರುವ ಜಾಗದಲ್ಲಿ ಒಂದು ಮರಳಿನ ಕಣ ಸಿಕ್ಕಿಕೊಂಡರೂ ಸಾಕು, ಹನಿ ನಿಲ್ಲುವುದಿಲ್ಲ. ಇಲ್ಲವೇ ಒಳಗಿನ ಓ-ರಿಂಗ್ ಎಂಬ ರಬ್ಬರ್ ಬಳೆ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ತಿಂಗಳುಗಟ್ಟಲೆ ಒಣಗಿ ನಿಂತರೆ ಆ ರಬ್ಬರ್ ಕುಗ್ಗುವುದೂ ಉಂಟು. ಮತ್ತೆ ಇಂಧನ ತುಂಬಿದಾಗ ಮೊದಲು ಸೋರಿ, ಆಮೇಲೆ ರಬ್ಬರ್ ಉಬ್ಬಿಕೊಂಡು ಸೋರಿಕೆ ತಾನೇ ನಿಂತಂತೆ ಕಾಣಬಹುದು. ಅದನ್ನು ನಂಬಿ ಕೂತವನು ಮೆಕ್ಯಾನಿಕ್ ಅಲ್ಲ.

ಸೋರಿಕೆ ಹುಡುಕಲು ಇಂಧನವೇ ಸಾಕ್ಷಿ ಹೇಳುತ್ತದೆ. ಈ ವಿಮಾನಗಳು ಕುಡಿಯುವ ‘ಏವ್‌ಗ್ಯಾಸ್ 100 ಎಲ್‌ಎಲ್’ಗೆ ನೀಲಿ ಬಣ್ಣ ಬೆರೆಸಿರುತ್ತಾರೆ. ಹನಿ ಆವಿಯಾಗಿ ಹೋದರೂ ಲೋಹದ ಮೇಲೆ ನೀಲಿ ಕಲೆ ಉಳಿದುಬಿಡುತ್ತದೆ. ಬಹುಕಾಲ ಆಮದಾಗಿಯೇ ಬರುತ್ತಿದ್ದ ಈ ಇಂಧನವನ್ನು ಇಂಡಿಯನ್ ಆಯಿಲ್ 2022ರ ಸೆಪ್ಟೆಂಬರ್‌ನಲ್ಲಿ ಸ್ವದೇಶಿಯಾಗಿ ಬಿಡುಗಡೆ ಮಾಡಿತು, ತಯಾರಾಗುವುದು ವಡೋದರದಲ್ಲಿ. ಊರು ಬದಲಾದರೂ ಕಲೆಯ ಬಣ್ಣ ಬದಲಾಗಲಿಲ್ಲ.

ರೆಕ್ಕೆ ಕೆಳಗಿರುವ ವಿಮಾನಗಳ ಕಥೆ ಬೇರೆ, ಇನ್ನೂ ಕಪಟದ್ದು. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿ 1993ರಲ್ಲಿ ಮೊದಲು ಹಾರಿಸಿದ ‘ಹಂಸ’ ಈ ಜಾತಿಯದು. ಇಂಥ ವಿಮಾನಗಳಲ್ಲಿ ಇಂಧನವನ್ನು ಪಂಪು ಮೇಲಕ್ಕೆ ಎಳೆಯಬೇಕು. ಎಳೆಯುವ ಹಾದಿಯಲ್ಲಿ ವಾಲ್ವ್ ಸಡಿಲಾದರೆ ಪೆಟ್ರೋಲ್ ಹೊರಗೆ ಬರುವ ಬದಲು ಗಾಳಿ ಒಳಗೆ ನುಗ್ಗುತ್ತದೆ. ತೂತು ಬಿದ್ದ ಸ್ಟ್ರಾದಲ್ಲಿ ಎಳನೀರು ಹೀರಿದ ಹಾಗೆ. ನೆಲದ ಮೇಲೆ ಒಂದು ಹನಿಯೂ ಬಿದ್ದಿರುವುದಿಲ್ಲ, ಎಂಜಿನ್ ಮಾತ್ರ ಗೊಗ್ಗರಿಸುತ್ತದೆ.

ಸೋರದ ವಾಲ್ವ್ ಕೂಡ ಪ್ರಾಣಕ್ಕೆ ಎರವಾಗಬಹುದು. ಅಮೆರಿಕದ ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ತಾವೇ ಹಾರಿಸುತ್ತಿದ್ದ ಲಾಂಗ್-ಈಝಿ ವಿಮಾನ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಗೆ ಬಿದ್ದು ತೀರಿಕೊಂಡರು. ಅದನ್ನು ಕಟ್ಟಿದವರು ಇಂಧನದ ತಿರುಗಣೆಯನ್ನು ಮೂಲ ನಕ್ಷೆಯ ಜಾಗ ಬಿಟ್ಟು ಪೈಲಟ್‌ನ ಎಡಭುಜದ ಹಿಂದೆ ಕೂರಿಸಿದ್ದರು. ಅದು ಬಿಗಿ ಬೇರೆ. ಹಾರುವ ಮುನ್ನ ಮೆಕ್ಯಾನಿಕ್ ಒಬ್ಬರು ಇಕ್ಕಳ ಕಚ್ಚಿಸಿ ಹಿಡಿಯನ್ನು ಉದ್ದ ಮಾಡಲು ನೋಡಿದರು, ಆದರೂ ಕೈಗೆಟುಕಲಿಲ್ಲ. ಟ್ಯಾಂಕ್ ಬದಲಿಸಲು ಮೈ ಹಿಂದಕ್ಕೆ ತಿರುಗಿಸಿದಾಗ ವಿಮಾನ ಹಿಡಿತ ತಪ್ಪಿತೆಂಬುದು ತನಿಖೆಯ ತೀರ್ಮಾನ.

ಇನ್ನು ಸೋರುವ ವಾಲ್ವಿನ ದುರಸ್ತಿ. ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ, ವಿಮಾನಕ್ಕೂ ಇಂಧನ ಹಿಡಿಯುವ ಡಬ್ಬಕ್ಕೂ ಅರ್ಥಿಂಗ್ ತಂತಿ ಕಟ್ಟಬೇಕು. ಏವ್‌ಗ್ಯಾಸ್ ಆವಿ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳಬಲ್ಲದು. ನಮ್ಮ ಕರಾವಳಿಯ ಬಿಸಿಲಿನಲ್ಲಿ ಒಂದು ಸ್ಟ್ಯಾಟಿಕ್ ಕಿಡಿ ಸಾಕು. ಟ್ಯಾಂಕು ಬರಿದು ಮಾಡಿ, ವಾಲ್ವ್ ಕಳಚಿ, ಹಳೆಯ ಓ-ರಿಂಗನ್ನು ಬೆರಳಲ್ಲಿ ಬಾಗಿಸಿ ನೋಡಿದರೆ ಚಿಟ್ಟೆಂದು ಮುರಿಯುತ್ತದೆ. ಹೊಸದನ್ನು ಇಂಧನಕ್ಕೆ ಕರಗದ ಗ್ರೀಸ್ ಸವರಿ ಕೂರಿಸಬೇಕು. ಮನೆಯ ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪ್ ಕಡೆ ಕೈ ಹೋಗಬಾರದು. ಅದರ ಚೂರೊಂದು ಹರಿದು ಪೈಪಿನೊಳಗೆ ಸೇರಿದರೆ ಸೋರಿಕೆ ನಿಲ್ಲಿಸಲು ಹೋಗಿ ಎಂಜಿನ್ನನ್ನೇ ನಿಲ್ಲಿಸಿದಂತೆ. ವಿಮಾನದ ಕೈಪಿಡಿ ಹೇಳಿದಷ್ಟೇ ಟಾರ್ಕ್‌ನಲ್ಲಿ ಬಿಗಿದು, ಬೇಕಾದ ಕಡೆ ಸೇಫ್ಟಿ ವೈರ್ ಹೆಣೆಯಬೇಕು.

ಅಂಗಡಿಯ ಡಬ್ಬದಲ್ಲಿ ಸಿಕ್ಕ ಯಾವುದೋ ವಾಷರ್ ಇಲ್ಲಿ ನಡೆಯದು, ಅಳತೆ ಕರಾರುವಾಕ್ಕಾಗಿ ಕೂತರೂ ಸರಿಯೇ. ಬಿಡಿಭಾಗದ ನಂಬರ್ ಕೈಪಿಡಿಯಲ್ಲಿರುವುದಕ್ಕೆ ತಾಳೆಯಾಗಬೇಕು, ಅದರ ಜೊತೆ ಕಾಗದಪತ್ರ ಇರಬೇಕು. ಬೆರಳುಂಗುರಕ್ಕಿಂತ ಚಿಕ್ಕ ರಬ್ಬರಿಗೆ ಇಷ್ಟೊಂದು ಜಾತಕವೇ ಎಂದು ನಗು ಬರಬಹುದು. ಆದರೆ ಬೈಕು ಕೈಕೊಟ್ಟರೆ ರಸ್ತೆ ಬದಿಗೆ ತಳ್ಳಬಹುದು, ಮೂರು ಸಾವಿರ ಅಡಿ ಮೇಲೆ ಬದಿಯೇ ಇಲ್ಲ.

ಕೊನೆಗೆ ಟ್ಯಾಂಕು ತುಂಬಿಸಿ, ವಾಲ್ವನ್ನು ಬಿಳಿ ಬಟ್ಟೆಯಿಂದ ಒರೆಸಿ, ಒಂದಷ್ಟು ಹೊತ್ತು ಬಿಟ್ಟು ಮತ್ತೆ ಒರೆಸುತ್ತಾರೆ. ಬಟ್ಟೆಯಲ್ಲಿ ನೀಲಿ ಕಾಣದಿದ್ದರೆ ಪರವಾನಗಿ ಪಡೆದ ವಿಮಾನ ನಿರ್ವಹಣಾ ಎಂಜಿನಿಯರ್ (ಎಎಂಇ) ಲಾಗ್‌ಬುಕ್ಕಿನಲ್ಲಿ ಮಾಡಿದ ಕೆಲಸ ಬರೆದು ಸಹಿ ಹಾಕುತ್ತಾರೆ. ಆ ಸಹಿ ಬೀಳುವವರೆಗೆ ವಿಮಾನ ಹಾರುವಂತಿಲ್ಲ.