ಬಿಸಿಲನ್ನು ಗೆದ್ದ ನಾಟಿಕೋಳಿ

ಬೇಸಗೆಯ ನಡುಹಗಲಿನಲ್ಲಿ ವಟ್ವಾದ ಬೀದಿಗಳಲ್ಲಿ ನಡೆದವರಿಗೆ ಅಹಮದಾಬಾದಿನ ಬಿಸಿಲೆಂದರೇನೆಂಬುದನ್ನು ಹೇಳಬೇಕಾಗಿಲ್ಲ. 2016ನೆಯ ಇಸವಿಯ ಮೇ 20ರಂದು ಈ ನಗರದ ತಾಪಮಾನವು 48 ಡಿಗ್ರಿ ಸೆಲ್ಸಿಯಸ್ಸಿಗೆ ಏರಿತ್ತು. ಅಂತಹ ದಿನಗಳಲ್ಲಿ ನಾವು ಬೆವರುತ್ತೇವೆ. ಬೆವರು ಆರಿದಂತೆ ಮೈ ತಂಪಾಗುತ್ತದೆ. ಕೋಳಿಗಾದರೋ ಬೆವರಿನ ಗ್ರಂಥಿಗಳೇ ಇಲ್ಲ. ಅದರ ಮೈಯ ಸಹಜವಾದ ಉಷ್ಣತೆಯೇ ಸುಮಾರು 41 ಡಿಗ್ರಿ. ಅದರ ಮೇಲೆ ಪುಕ್ಕಗಳ ದಟ್ಟವಾದ ಹೊದಿಕೆ ಬೇರೆ! ಹಾಗಾದರೆ ಅದು ಬದುಕುವ ಬಗೆ ಹೇಗೆ?

ಕೋಳಿಯು ಕೊಕ್ಕನ್ನು ತೆರೆದು ಏದುಸಿರು ಬಿಡುತ್ತದೆ. ಉಸಿರಿನೊಡನೆ ಹೊರಬರುವ ತೇವವು ಒಡಲಿನ ಶಾಖವನ್ನು ಒಯ್ಯುತ್ತದೆ. ನೆತ್ತಿಯ ಕೆಂಪು ಜುಟ್ಟಿನಲ್ಲಿ ಹರಿಯುವ ರಕ್ತವೂ ಗಾಳಿಗೆ ಶಾಖವನ್ನು ಕೊಟ್ಟು ತಣಿಯುತ್ತದೆ. ಇವು ಎಲ್ಲ ಕೋಳಿಗಳಿಗೂ ಉಂಟು. ಕೆಲವಕ್ಕೆ ಇದಕ್ಕಿಂತ ಮಿಗಿಲಾದ ಅನುಕೂಲವು ಹುಟ್ಟಿನಿಂದಲೇ ಬಂದಿರುತ್ತದೆ. ನಮ್ಮ ದೇಶದ ಹಲವೆಡೆ ಕಾಣುವ ಬೋಳುಕತ್ತಿನ ಕೋಳಿಯನ್ನೇ ನೋಡೋಣ. ಅದರ ಕತ್ತಿನಲ್ಲಿ ಪುಕ್ಕಗಳಿಲ್ಲ. ಇದಕ್ಕೆ ಕಾರಣ ಒಂದೇ ಒಂದು ಜೀನು. ಆ ಜೀನು ತಂದೆತಾಯಿಗಳಿಬ್ಬರಿಂದಲೂ ಬಂದರೆ ಮೈಯ ಪುಕ್ಕಗಳು ಸುಮಾರು ನೂರಕ್ಕೆ 40ರಷ್ಟು ಕಡಿಮೆಯಾಗುತ್ತವೆ. ಬೋಳಾದ ಚರ್ಮದ ಮೂಲಕ ಶಾಖವು ಸುಲಭವಾಗಿ ಹೊರಹೋಗುತ್ತದೆ.

ಇಂತಹ ಗುಣವನ್ನು ಕೋಳಿಯು ಅಭ್ಯಾಸದಿಂದ ಗಳಿಸಿತೆಂದು ಕೆಲವರು ಭಾವಿಸುವುದುಂಟು. ಅದು ಸರಿಯಲ್ಲ. ಬಿಸಿಲು ಕೋಳಿಗೆ ಪಾಠ ಕಲಿಸುವುದಿಲ್ಲ. ಅದು ಪರೀಕ್ಷೆಯನ್ನು ಮಾತ್ರ ಮಾಡುತ್ತದೆ. ಒಂದೇ ಹಿಂಡಿನ ಕೋಳಿಗಳಲ್ಲಿ ಹುಟ್ಟಿನಿಂದಲೇ ಅಷ್ಟಿಷ್ಟು ಭೇದಗಳಿರುತ್ತವೆ. ತಾಳಲಾರದವು ಸಾಯುತ್ತವೆ, ತಾಳಿದವು ಮೊಟ್ಟೆಯಿಟ್ಟು ಮರಿಮಾಡುತ್ತವೆ. ತಲೆಮಾರುಗಳು ಕಳೆದಂತೆ ತಾಳಿದವುಗಳ ಜೀನುಗಳೇ ಹಿಂಡಿನಲ್ಲಿ ಹೆಚ್ಚುತ್ತವೆ.

ನಮ್ಮ ಗುಜರಾತಿನಲ್ಲಿಯೂ ಇಂತಹ ಪರೀಕ್ಷೆಯನ್ನು ದಾಟಿ ಬಂದ ಒಂದು ತಳಿಯುಂಟು. ವಟ್ವಾದಿಂದ ರೈಲಿನಲ್ಲಿ ದಕ್ಷಿಣಕ್ಕೆ ಹೊರಟು, ವಡೋದರವನ್ನು ಕಳೆದು, ಭರೂಚಿನ ಬಳಿ ನರ್ಮದೆಯನ್ನು ದಾಟಿದರೆ ಅಂಕಲೇಶ್ವರವು ಸಿಗುತ್ತದೆ. ಭರೂಚ್ ಮತ್ತು ನರ್ಮದಾ ಜಿಲ್ಲೆಗಳ ಹಿತ್ತಿಲುಗಳಲ್ಲಿ ಹುಳುಹುಪ್ಪಟೆ, ಕಾಳುಕಡ್ಡಿಗಳನ್ನು ಹೆಕ್ಕಿ ಬದುಕುವ ನಾಟಿಕೋಳಿಗೆ ಆ ಊರಿನ ಹೆಸರೇ ಬಂದಿದೆ. ಅಂಕಲೇಶ್ವರ ಕೋಳಿಯು ಭಾರತದ ಅಧಿಕೃತ ತಳಿಗಳ ಪಟ್ಟಿಯಲ್ಲಿ ಸೇರಿದೆ.

ಆದರೆ ಇದು ವರ್ಷಕ್ಕೆ ಇಡುವ ಮೊಟ್ಟೆಗಳು ನೂರಕ್ಕಿಂತ ಕಡಿಮೆ. ಫಾರಮ್ಮಿನ ಕೋಳಿಯಾದರೋ ಸುಮಾರು ಮುನ್ನೂರು ಇಡುತ್ತದೆ. ಲಾಭವನ್ನು ನೆಚ್ಚಿದವರು ನಾಟಿಯನ್ನು ಕೈಬಿಡುವುದು ಸಹಜವೇ. ಮನಬಂದಂತೆ ಹೊರತಳಿಗಳೊಡನೆ ಬೆರೆಸುತ್ತ ಹೋದರೂ ತಳಿಯು ಕರಗಿಹೋಗುತ್ತದೆ. ಕೊನೆಯ ಹಿಂಡು ಅಳಿದ ಮೇಲೆ, ನೂರಾರು ಬೇಸಗೆಗಳು ಆರಿಸಿಕೊಟ್ಟ ಆ ಜೀನುಗಳ ಕೂಟವನ್ನು ಹಣ ಕೊಟ್ಟು ಮರಳಿ ಪಡೆಯಲಾದೀತೇ? ಉತ್ತರಪ್ರದೇಶದ ಇಜ್ಜತ್‌ನಗರದ ಕೇಂದ್ರ ಪಕ್ಷಿ ಸಂಶೋಧನಾಲಯವು ಬೋಳುಕತ್ತಿನ ಕೋಳಿಯನ್ನು ಇನ್ನೊಂದು ತಳಿಯೊಡನೆ ಕೂಡಿಸಿ ‘ಹಿತಕಾರಿ’ ಎಂಬ ಹಿತ್ತಿಲಕೋಳಿಯನ್ನು ಪಡೆದಿದೆ. ಹಳೆಯ ತಳಿಯು ಉಳಿದಿದ್ದುದರಿಂದಲ್ಲವೇ ಅದು ಸಾಧ್ಯವಾದದ್ದು?

ಬೇಸಗೆಗಳು ವರ್ಷವರ್ಷಕ್ಕೂ ತೀವ್ರವಾಗುತ್ತಿರುವ ಈ ಕಾಲದಲ್ಲಿ, ಹಿತ್ತಿಲಿನ ಈ ಬಡಕೋಳಿಯು ನಾಳಿನವರಿಗಾಗಿ ನಾವು ಕಾಪಾಡಬೇಕಾದ ಬಿತ್ತನೆಯ ಬೀಜವೆಂಬುದನ್ನು ಮರೆಯದಿರೋಣ.