ಅಂಕವೂ ಅಳತೆಯೂ

ಪರೀಕ್ಷೆಯೆಂಬುದು ಒಂದು ಅಳತೆಗೋಲು. ಕೋಲೇ ಡೊಂಕಾದರೆ ಅಳೆದುದು ನಿಜವಾದೀತೆ? ‘ಊರೂರು’ ಯಾವ ಸಂಧಿಯೆಂದರೆ ತುಮಕೂರಿನ ವಿದ್ಯಾರ್ಥಿಯೂ ಗುಬ್ಬಿ, ಕುಣಿಗಲ್ಲುಗಳ ವಿದ್ಯಾರ್ಥಿಯೂ ಲೋಪಸಂಧಿಯೆಂದು ಥಟ್ಟನೆ ನುಡಿಯುತ್ತಾರೆ; ಅದು ಪಾಠದಲ್ಲಿ ಉರುಹೊಡೆದ ಉದಾಹರಣೆ. ‘ಬೇರೊಬ್ಬ’ ಎಂಬುದನ್ನು ಬಿಡಿಸಿರೆಂದರೆ ಹಲವರು ತಡವರಿಸುತ್ತಾರೆ. ಮೊದಲನೆಯದು ನೆನಪನ್ನು ಅಳೆಯಿತು, ಎರಡನೆಯದು ತಿಳಿವನ್ನು. ಅಳೆಯಬೇಕಾದುದನ್ನೇ ಅಳೆಯುವ ಗುಣವನ್ನು ಶಿಕ್ಷಣಶಾಸ್ತ್ರಜ್ಞರು ಸಪ್ರಮಾಣತೆ ಎನ್ನುತ್ತಾರೆ.

ಅಳೆಯುವ ಸನ್ನಿವೇಶವೂ ಗಣನೀಯ. ರಾಜ್ಯದ ಎಸ್.ಎಸ್.ಎಲ್.ಸಿ. ಫಲಿತಾಂಶ 2023ರಲ್ಲಿ ಶೇಕಡ 83.89 ಇದ್ದಿತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂದಿತು. ಕೃಪಾಂಕಗಳನ್ನು ಹೆಚ್ಚಿಸಿದ ಬಳಿಕವೂ ಫಲಿತಾಂಶ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಅಷ್ಟು ಕುಗ್ಗಿತೆಂದು ನಾನಂತೂ ನಂಬಲಾರೆ. ಹಿಂದಿನ ಅಂಕಗಳಲ್ಲಿ ಕಲಿಕೆಯ ಪಾಲೆಷ್ಟು ಎಂಬುದೇ ಪ್ರಶ್ನೆ.

ತರಗತಿಯ ವಾತಾವರಣವನ್ನೂ ಅಳೆಯಬಹುದು. ಅಮೆರಿಕದಲ್ಲಿ ವಾಲ್ಬರ್ಗ್, ಮೂಸ್ ಮೊದಲಾದವರು 1960ರ ದಶಕದ ಕೊನೆಯಿಂದ ಇದಕ್ಕೆಂದೇ ಪ್ರಶ್ನಾವಳಿಗಳನ್ನು ರಚಿಸಿದರು. ಅಲ್ಲಿ ಉತ್ತರಿಸುವವರು ಮಕ್ಕಳೇ. ದಾನಿಗಳು ಕಟ್ಟಿಸಿಕೊಟ್ಟ ಕೊಠಡಿಗಳನ್ನು ಯಾರಾದರೂ ಎಣಿಸಬಹುದು. ಅವುಗಳೊಳಗೆ ಪಾಠ ತಿಳಿಯದಾಗ ಕೇಳಲು ಅಂಜಿಕೆಯುಂಟೆ, ಕೇಳಿದರೆ ಗುರುಗಳು ಆಲಿಸುವರೆ ಎಂಬುದನ್ನು ಅಲ್ಲಿ ಕುಳಿತವರೇ ಹೇಳಬೇಕು. ನಮ್ಮ ಶಾಲೆಯಲ್ಲಿಯೂ ಒಮ್ಮೆ ಒಂಬತ್ತನೆಯ ತರಗತಿಯವರನ್ನು ಹೀಗೆ ಕೇಳಿ ನೋಡಬಾರದೇಕೆ? ಉತ್ತರಪತ್ರದಲ್ಲಿ ಹೆಸರನ್ನು ಮಾತ್ರ ಬರೆಸಕೂಡದು.