ಹುಲ್ಲಿನ ಮೊಟ್ಟೆ, ಹುಳಿಯ ಸಾರು

ಥಾಯ್ಲೆಂಡಿನ ಬೆಳಗಿನ ಸಂತೆಗಳಲ್ಲಿ ಹೊತ್ತೇರುವ ಮೊದಲೇ ಖಾಲಿಯಾಗಬೇಕಾದ ಬುಟ್ಟಿಯೊಂದಿರುತ್ತದೆ. ಅದರ ತುಂಬ ಬೂದುಗಪ್ಪು ನೆತ್ತಿಯ, ಬಿಳಿ ಬುಡದ ಪುಟ್ಟ ಮೊಟ್ಟೆಗಳು. ಕೋಳಿಯದಲ್ಲ, ಹುಲ್ಲಿನದು. ಭತ್ತದ ಹುಲ್ಲಿನ ಮೇಲೆ ಏಳುವ ಈ ಅಣಬೆಯನ್ನು ಅಲ್ಲಿ ‘ಹೆಟ್ ಫಾಂಗ್’ ಎನ್ನುತ್ತಾರೆ. ಮಾರುವವರಿಗೂ ಅವಸರ, ಕೊಳ್ಳುವವರಿಗೂ ಅವಸರ. ಬೇರೆ ತರಕಾರಿಗಳನ್ನು ಕಾಪಾಡುವ ಫ್ರಿಜ್ಜು ಇದಕ್ಕೆ ಆಗಿಬರುವುದಿಲ್ಲ. ತಣ್ಣಗಿಟ್ಟರೆ ಮೈಯೆಲ್ಲ ನೀರೊಡೆದು ಲೋಳೆಯಾಗುತ್ತದೆ. ಹೊರಗಿಟ್ಟರೆ ಇನ್ನೊಂದು ಕಾಟ: ಕಿತ್ತ ಮೇಲೂ ಬೆಳೆಯುವುದನ್ನು ಬಿಡದೆ, ಪೊರೆ ಹರಿದುಕೊಂಡು ಕೊಡೆ ಬಿಚ್ಚಿಬಿಡುತ್ತದೆ. ಕೊಡೆ ಬಿಚ್ಚಿದ್ದನ್ನು ಕೇಳುವವರು ಕಡಿಮೆ. ಹಾಗಾಗಿ ಬೆಳಿಗ್ಗೆ ಕಿತ್ತದ್ದು ಅಂದೇ ಒಲೆಯ ಮೇಲಿರಬೇಕು.

ಒಂದನ್ನು ಉದ್ದಕ್ಕೆ ಸೀಳಿ ನೋಡಿ. ಹೊರಗೆ ತೆಳ್ಳನೆಯ ಪೊರೆ, ಒಳಗೆ ಬೆಳ್ಳನೆಯ ಗಿಡ್ಡ ಕಾಂಡ, ಅದರ ತಲೆಯ ಮೇಲೆ ಮಡಚಿ ಕೂತ ಟೋಪಿ, ಟೋಪಿಯ ಅಡಿಯಲ್ಲಿ ಒತ್ತೊತ್ತಾಗಿ ಕೂತ ಪದರಗಳು. ಪೊರೆಗೂ ಟೋಪಿಗೂ ನಡುವೆ ಕೂದಲೆಳೆಯಷ್ಟು ಸಂದು. ಹೀಗೆ ಸೀಳಿದ ಅಣಬೆ ಕುದಿಯುವ ಸಾರಿಗೆ ಬಿದ್ದಾಗ ಹುಳಿ, ಉಪ್ಪು, ಖಾರವೆಲ್ಲ ಆ ಸಂದುಗಳಲ್ಲಿ ಸೇರಿಕೊಳ್ಳುತ್ತವೆ. ಬಾಯಿಗಿಟ್ಟರೆ ಮೊದಲು ಪೊರೆ ನುಣುಪಾಗಿ ಜಾರುತ್ತದೆ, ಆಮೇಲೆ ಒಳಗಿನ ತಿರುಳು ಹಲ್ಲಿಗೆ ಸಿಗುತ್ತದೆ, ಅದರ ಬೆನ್ನಿಗೇ ಸಾರು ನಾಲಗೆಗೆ ಚಿಮ್ಮುತ್ತದೆ.

ಥಾಯ್ ಮನೆಯಡುಗೆಯಲ್ಲಿ ಅಣಬೆಗೆ ಬೆಲೆ ಬಂದಿರುವುದೇ ಹಲ್ಲಿಗೆ ಸಿಗುವ ಈ ಹದದಿಂದ ಎಂಬುದು ನನ್ನ ಅಂದಾಜು. ರುಚಿ ಕೊಡಲು ಮೀನಿನ ಸಾಸು, ನಿಂಬೆ, ಮೆಣಸಿನಕಾಯಿ ಇದ್ದೇ ಇವೆ. ಅಣಬೆಯ ಕೆಲಸ ಆ ರುಚಿಯನ್ನು ಹೊತ್ತು ತರುವುದು, ಜೊತೆಗೆ ಅಗಿಯಲು ಏನಾದರೂ ಕೊಡುವುದು. ನಮ್ಮ ಪೇಟೆಯ ಮನೆಗಳಲ್ಲಿ ಅಣಬೆಯೆಂದರೆ ಬಹುಪಾಲು ಬಟನ್ ಅಣಬೆ. ಅದನ್ನು ಈರುಳ್ಳಿ–ಟೊಮೆಟೊ ಮಸಾಲೆಯಲ್ಲಿ ನೀರು ಇಂಗುವ ತನಕ ಬೇಯಿಸಿ, ಕೋಳಿಯ ಬದಲಿಗೆ ಬಡಿಸುತ್ತೇವೆ. ಅಲ್ಲಿ ಹಾಗಲ್ಲ. ಸಂತೆಯಲ್ಲಿ ಯಾವ ಅಣಬೆ ಸಿಕ್ಕಿತು ಎಂಬುದರ ಮೇಲೆ ಅಂದಿನ ಅಡುಗೆ. ಹುಲ್ಲಿನ ಅಣಬೆ ಸಿಕ್ಕಿದರೆ ಸಾರು, ಚಿಪ್ಪಣಬೆ ಸಿಕ್ಕಿದರೆ ಲಾಬ್ ಎಂಬ ಹುಳಿಖಾರದ ಕೋಸಂಬರಿ, ಮರದ ಮೇಲಿನ ಗಟ್ಟಿ ಅಣಬೆ ಸಿಕ್ಕಿದರೆ ಎಲೆಯ ರಸದ ಗೊಜ್ಜು.

ಸಾರುಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಟೊಮ್ ಯಮ್. ಸಿಗಡಿ ಹಾಕಿದ ‘ಟೊಮ್ ಯಮ್ ಕುಂಗ್’ 2024ರ ಡಿಸೆಂಬರಿನಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿ ಸೇರಿತು. ಸಿಗಡಿಯ ಬಟ್ಟಲಿನಲ್ಲೂ ಹುಲ್ಲಿನ ಅಣಬೆ ಇರುತ್ತದೆ. ಸಿಗಡಿ ಬಿಟ್ಟು ಅಣಬೆಯನ್ನೇ ಹೆಚ್ಚಿಸಿದರೆ ‘ಟೊಮ್ ಯಮ್ ಹೆಟ್’. ನಾಲ್ಕು ಜನಕ್ಕೆ ನಾಲ್ಕು ಲೋಟ ನೀರು, ಜಜ್ಜಿದ ಎರಡು ಕಡ್ಡಿ ಮಜ್ಜಿಗೆಹುಲ್ಲು, ಐದಾರು ಬಿಲ್ಲೆ ಗಲಂಗಲ್, ಹರಿದು ಹಾಕಿದ ನಾಲ್ಕು ಮಕ್ರೂಟ್ ನಿಂಬೆಯ ಎಲೆ. ಗಲಂಗಲ್ ಎಂದರೆ ನಮ್ಮ ಗಿಡಮೂಲಿಕೆ ಅಂಗಡಿಗಳಲ್ಲಿ ದುಂಪರಾಸ್ಮೆ ಎಂದು ಒಣಗಿಸಿ ಮಾರುವ ಗಡ್ಡೆಯೇ. ಅಲ್ಲಿ ಅದು ಹಸಿಯದೇ ಆಗಬೇಕು, ಅದರ ಜಾಗಕ್ಕೆ ಶುಂಠಿ ಹಾಕಿದರೆ ಸಾರಿನ ಜಾತಿಯೇ ಬದಲಾಗುತ್ತದೆ. ಇವು ಕುದಿದು ಮನೆಯೆಲ್ಲ ಘಮ್ಮೆಂದ ಮೇಲೆ ಕಾಲು ಕಿಲೋ ಅಣಬೆ ಹಾಕಿ ಎರಡು ಮೂರು ನಿಮಿಷ. ಮೀನಿನ ಸಾಸು ಸೇರಿಸಿ ಒಲೆ ಆರಿಸಬೇಕು. ನಿಂಬೆರಸ, ಜಜ್ಜಿದ ಸೂಜಿ ಮೆಣಸಿನಕಾಯಿ ಬೀಳುವುದು ಆಮೇಲೆಯೇ. ಕುದಿಯುವಾಗ ನಿಂಬೆ ಹಿಂಡಿದರೆ ಸಾರಿಗೆ ಕಹಿ ಬರುತ್ತದೆ, ಪರಿಮಳ ಹಾರಿಹೋಗುತ್ತದೆ. ನಮ್ಮ ನಿಂಬೆಹಣ್ಣಿನ ಸಾರಿಗೂ ಇದೇ ನಿಯಮ.

ಬೆಂಗಳೂರಿನ ಹೋಟೆಲುಗಳಲ್ಲಿ ಟೊಮ್ ಯಮ್ ಹೆಸರಿನಲ್ಲಿ ಬರುವ ಕೆಂಪು, ಮಂದ, ಮೆಕ್ಕೆಜೋಳದ ಹಿಟ್ಟಿನ ಸೂಪಿನ ಬಗ್ಗೆ ಹೆಚ್ಚು ಹೇಳದಿರುವುದೇ ಮೇಲು. ಹಾಲು ಸೇರಿಸುವುದೇನೋ ತಪ್ಪಲ್ಲ. ಗಟ್ಟಿ ಹಾಲು ಹಾಕಿದ ಟೊಮ್ ಯಮ್ ಥಾಯ್ಲೆಂಡಿನಲ್ಲೇ ಇದೆ, ತಿಳಿಸಾರಿನಷ್ಟೇ ಅದಕ್ಕೂ ಗಿರಾಕಿಗಳಿದ್ದಾರೆ. ಹಿಟ್ಟು ಮಾತ್ರ ಎಲ್ಲಿಂದ ಬಂತೋ.

ಹುಲ್ಲಿನ ಅಣಬೆ ಆ ನಾಡಿನ ಮನೆಮಾತಾದದ್ದಕ್ಕೆ ಸೆಕೆಯೇ ಕಾರಣ. ಬಟನ್ ಅಣಬೆಗೆ 15ರಿಂದ 18 ಡಿಗ್ರಿಯ ತಂಪು ಬೇಕು. ಬಿಸಿನಾಡಿನಲ್ಲಿ ಬೆಳೆಯಬೇಕಾದರೆ ಏಸಿಗೆ ದುಡ್ಡು ಸುರಿಯಬೇಕು. ಹುಲ್ಲಿನ ಅಣಬೆ 30–35 ಡಿಗ್ರಿ ಸೆಕೆಯಲ್ಲಿ ಖುಷಿಯಿಂದ ಏಳುತ್ತದೆ. ಕೊಯ್ಲು ಮುಗಿದ ಗದ್ದೆಯ ಹುಲ್ಲು, ಹತ್ತಿಯ ಕಸ, ಮರಗೆಣಸಿನ ಸಿಪ್ಪೆ, ಎಣ್ಣೆತಾಳೆಯ ಖಾಲಿ ಗೊನೆ, ಏನು ಕೊಟ್ಟರೂ ಸರಿ. ಪ್ಲಾಸ್ಟಿಕ್ ಬುಟ್ಟಿಯಲ್ಲಿ ಹುಲ್ಲು ತುಂಬಿ, ಬೀಜ ಹಾಕಿ, ಮೇಲೊಂದು ಹಾಳೆ ಹೊದಿಸಿಟ್ಟರೆ ಹತ್ತು ಹನ್ನೆರಡು ದಿನಕ್ಕೆ ಮೊಟ್ಟೆಗಳು ಕಾಣಿಸಿಕೊಳ್ಳುತ್ತವೆ. ನಮ್ಮಲ್ಲಿ ಒಡಿಶಾದವರು ಇದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಯುತ್ತಾರೆ, ಪ್ರೀತಿಯಿಂದ ತಿನ್ನುತ್ತಾರೆ. ಕರ್ನಾಟಕದ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಡಬ್ಬದ್ದು.

ನಮಗೆ ಸುಲಭವಾಗಿ ಸಿಗುವುದು ಚಿಪ್ಪಣಬೆ. ಅದರ ಒಂದು ಬಗೆ ಥಾಯ್ ಅಡುಗೆಮನೆಗೆ ಹೋದದ್ದು ನಮ್ಮ ದೇಶದ ಕಡೆಯಿಂದಲೇ. ಜಮ್ಮು ಸೀಮೆಯ ಹಿಮಾಲಯದ ತಪ್ಪಲಲ್ಲಿ ಕಳ್ಳಿಯ ಒಣಬೊಡ್ಡೆಗಳ ಮೇಲೆ ಬೆಳೆಯುತ್ತಿದ್ದ ಒಂದು ಜಾತಿಯನ್ನು 1970ರ ದಶಕದಲ್ಲಿ ಕೃಷಿಗೆ ಒಗ್ಗಿಸಿದರು. ಅದು ಥಾಯ್ಲೆಂಡಿಗೆ ಹೋಗಿ ‘ಹೆಟ್ ನಾಂಗ್ ಫಾ’, ಅಂದರೆ ಅಪ್ಸರೆ ಅಣಬೆ ಆಯಿತು. ಈಗ ಅಲ್ಲಿನ ಸಂತೆಗಳಲ್ಲಿ ಹೆಚ್ಚು ಕಾಣುವ ತಳಿಗೆ ಭೂತಾನಿನ ಹೆಸರಿದೆ. ಇದನ್ನು ಚಾಕುವಿನಿಂದ ಹೆಚ್ಚುವುದಿಲ್ಲ. ಎಳೆ ಹಿಡಿದು ಕೈಯಲ್ಲೇ ಸಿಗಿಯುತ್ತಾರೆ. ‘ಇಲಿ ಕಿವಿ’ ಎಂದು ಕರೆಯುವ ಕಪ್ಪನೆಯ ಇನ್ನೊಂದು ಅಣಬೆಗೆ ರುಚಿಯೆಂಬುದೇ ಇಲ್ಲ, ಇರುವುದೆಲ್ಲ ಕರುಕುರು ಸದ್ದು. ಶುಂಠಿಯ ಎಳೆಗಳ ಜೊತೆ ಕೋಳಿ ಹುರಿಯುವಾಗ ಅದಿರಲೇಬೇಕು. ‘ಫಟ್ ಕಪ್ರಾವ್’ ಎಂಬ ದಿನನಿತ್ಯದ ಹುರಿದ ಅಡುಗೆಯನ್ನೂ ಅಣಬೆಯಲ್ಲಿ ಮಾಡುತ್ತಾರೆ. ಅದಕ್ಕೆ ಹಿಡಿಗಟ್ಟಲೆ ಬೀಳುವ ಸೊಪ್ಪು ನಮ್ಮ ತುಳಸಿಯೇ. ಕಟ್ಟೆಯಲ್ಲಿಟ್ಟು ಪೂಜಿಸುವ ಗಿಡ ಬೆಳ್ಳುಳ್ಳಿ, ಮೆಣಸಿನಕಾಯಿಯ ಜೊತೆ ಬಾಣಲೆಯಲ್ಲಿ ಚರ್ರೆನ್ನುವುದನ್ನು ಮೊದಲ ಸಲ ಕಂಡವರಿಗೆ ಸ್ವಲ್ಪ ಇರಿಸುಮುರಿಸಾಗಬಹುದು. ಬಾಣಂತಿಯರಿಗೆ ಹಾಲು ಹೆಚ್ಚಲೆಂದು ಮಾಡಿಕೊಡುವ ‘ಕೆಂಗ್ ಲಿಯಾಂಗ್’ ಎಂಬ ಕಾಳುಮೆಣಸಿನ ಸಾರಿನಲ್ಲೂ ಹೀರೆಕಾಯಿ, ಕುಂಬಳದ ಜೊತೆಗೆ ಅಣಬೆ ಇರುತ್ತದೆ.

ಅಣಬೆಯ ನಿಜವಾದ ತವರು ಈಶಾನ್ಯದ ಇಸಾನ್ ಪ್ರಾಂತ್ಯ. ಲಾವೋಸ್ ಗಡಿಯ, ಮಳೆ ನೆಚ್ಚಿಕೊಂಡ, ಬಡವರ ನಾಡು. ಅಲ್ಲಿಯ ‘ಕೆಂಗ್ ಹೆಟ್’ನಲ್ಲಿ ತೆಂಗಿನ ಹಾಲಿಲ್ಲ, ಎಣ್ಣೆಯಿಲ್ಲ. ಮೊದಲು ಯಾನಾಂಗ್ ಎಂಬ ಬಳ್ಳಿಯ ಎಲೆಗಳನ್ನು ನೀರಿನಲ್ಲಿ ಹಾಕಿ ಎರಡೂ ಕೈಯಿಂದ ಉಜ್ಜುತ್ತಾರೆ. ನೀರು ಕಡುಹಸಿರಾಗಿ, ನೊರೆಗಟ್ಟಿ, ಬೆರಳಿಗೆ ಜಿಗುಟಾಗುತ್ತದೆ. ಸೋಸಿದ ಆ ರಸವೇ ಸಾರಿನ ನೀರು. ಇತ್ತ ಒರಳಿನಲ್ಲಿ ಹಸಿಮೆಣಸಿನಕಾಯಿ, ಸಣ್ಣ ಈರುಳ್ಳಿ, ಮಜ್ಜಿಗೆಹುಲ್ಲು ಕುಟ್ಟಿ, ಕೊನೆಗೆ ನೆನೆಸಿದ ಅಂಟಕ್ಕಿಯನ್ನೂ ಕುಟ್ಟಿ ಸೇರಿಸುತ್ತಾರೆ. ಹುಳಿಗೆ ಮಂದ ಬರಲೆಂದು ನಮ್ಮ ಮನೆಗಳಲ್ಲಿ ಚಮಚ ನೆನೆಸಿದ ಅಕ್ಕಿ ರುಬ್ಬಿ ಹಾಕುವ ಹಾಗೆಯೇ. ರಸ ಕುದಿ ಬಂದಾಗ ಕುಂಬಳದ ಹೋಳು, ಎರಡು ಮೂರು ಬಗೆಯ ಅಣಬೆ, ಉಪ್ಪಿಗೆ ‘ಪ್ಲಾ ರಾ’. ಮೀನನ್ನು ಉಪ್ಪು, ಅಕ್ಕಿ ತೌಡಿನ ಜೊತೆ ತಿಂಗಳುಗಟ್ಟಲೆ ಕಳಿಯಬಿಟ್ಟು ಮಾಡುವ ಈ ಪ್ಲಾ ರಾದ ವಾಸನೆಗೆ ಬ್ಯಾಂಕಾಕಿನವರೇ ಮೂಗು ಮುಚ್ಚುವುದುಂಟು, ಇಸಾನಿನವರಿಗೆ ಅದಿಲ್ಲದೆ ತುತ್ತು ಇಳಿಯದು. ಇಳಿಸುವಾಗ ಕಾಮಕಸ್ತೂರಿಯ ಬಳಗಕ್ಕೆ ಸೇರಿದ, ನಿಂಬೆ ಪರಿಮಳದ ಸೊಪ್ಪು. ನೋಡಲು ಕೆರೆಯ ಪಾಚಿಯ ಬಣ್ಣ. ಬಿದಿರ ಬುಟ್ಟಿಯಿಂದ ಅಂಟಕ್ಕಿ ಅನ್ನ ತೆಗೆದು, ಬೆರಳಲ್ಲಿ ಉಂಡೆ ಕಟ್ಟಿ, ಅದರಲ್ಲಿ ಅದ್ದಿ ತಿನ್ನುವುದು. ಪ್ರವಾಸಿಗರ ಹೋಟೆಲುಗಳ ಪಟ್ಟಿಯಲ್ಲಿ ಇದು ಕಾಣುವುದು ಅಪರೂಪ. ಥಾಯ್ ಅಡುಗೆಯಲ್ಲಿ ನನಗೆ ಎಲ್ಲಕ್ಕಿಂತ ಮೇಲೆನಿಸುವುದು ಇದೇ.

ಮೊದಲ ಮಳೆ ಬಿದ್ದಾಗ ಉತ್ತರದ ಚಿಯಾಂಗ್ ಮಾಯ್ ಕಡೆಯ ಜನ ಕಾಡಿಗೆ ಹೋಗುವುದು ‘ಹೆಟ್ ಥಾಪ್’ಗಾಗಿ. ಮಣ್ಣಿನಲ್ಲಿ ಅರ್ಧ ಹೂತ ಗೋಲಿಯಂಥ ಅಣಬೆ. ದಕ್ಷಿಣ ಕನ್ನಡ, ಉಡುಪಿಯ ಓದುಗರಿಗೆ ವಿವರಿಸಬೇಕಿಲ್ಲ: ಇದು ಅವರ ಕಲ್ಲಣಬೆಯ ಕುಲ, ತುಳುವಿನ ಕಲ್ಲಲಂಬು. ಅಲ್ಲೂ ಇಲ್ಲೂ ಮಳೆಗಾಲದ ಆರಂಭದ ಕೆಲವೇ ವಾರ, ಅಲ್ಲೂ ಇಲ್ಲೂ ಕಣ್ಣು ಕುಕ್ಕುವ ಬೆಲೆ, ಅಲ್ಲೂ ಇಲ್ಲೂ ತೆಂಗಿನಕಾಯಿಯ ಮಸಾಲೆ. ಕತ್ತರಿಸಿದಾಗ ಒಳಗೆ ಬೆಳ್ಳಗಿದ್ದರೆ ಎಳೆಯದು, ಕಪ್ಪಾಗಿದ್ದರೆ ಬಲಿತದ್ದು. ಅಲ್ಲಿ ಕೆಂಪು ಮಸಾಲೆ ಹುರಿದು ಕಾಯಿಹಾಲಿನಲ್ಲಿ ಬೇಯಿಸುತ್ತಾರೆ, ಇಲ್ಲವೇ ಹುಣಸೆಯ ಚಿಗುರು ಹಾಕಿ ಸಾರು ಮಾಡುತ್ತಾರೆ. ಹುಣಸೆ ಚಿಗುರು ನಮ್ಮಲ್ಲೂ ಇರುವುದರಿಂದ ಕರಾವಳಿಯವರು ಒಮ್ಮೆ ಮಾಡಿ ನೋಡಬಹುದು.

ಈ ಅಣಬೆ ಮರದ ಬೇರಿನ ಜೊತೆ ಕೊಡುಕೊಳ್ಳುವಿಕೆಯಲ್ಲಿ ಬದುಕುವುದರಿಂದ ಬುಟ್ಟಿಯಲ್ಲಿ ಹುಲ್ಲು ತುಂಬಿ ಬೆಳೆಯುವಂತಿಲ್ಲ. ಹೀಗಾಗಿ ಕಾಡಿನ ಮೇಲೆ ಒತ್ತಡ. ನೆಲಕ್ಕೆ ಬೆಂಕಿ ಬಿದ್ದರೆ ಹೆಟ್ ಥಾಪ್ ಚೆನ್ನಾಗಿ ಏಳುತ್ತದೆ ಎಂಬ ನಂಬಿಕೆ ಅಲ್ಲಿ ಹಳೆಯದು. ನಿಜದಲ್ಲಿ ಬೆಂಕಿಯಿಂದ ಆಗುವುದು ತರಗೆಲೆ ಸುಟ್ಟು ಅಣಬೆ ಕಣ್ಣಿಗೆ ಬೀಳುವುದಷ್ಟೆ. ಬೇಸಿಗೆಯಲ್ಲಿ ಚಿಯಾಂಗ್ ಮಾಯನ್ನು ಉಸಿರುಗಟ್ಟಿಸುವ ಹೊಗೆಗೆ ಹೊಲದ ಕೂಳೆ ಸುಡುವುದೂ ಸೇರಿ ಹಲವು ಕಾರಣಗಳಿವೆ. ಅಣಬೆಯ ಆಸೆಯೂ ಅವುಗಳಲ್ಲಿ ಒಂದು.

ಕಾಡಿನ ಅಣಬೆಯ ಇನ್ನೊಂದು ಮುಖ ಇಸಾನಿನ ಆಸ್ಪತ್ರೆಗಳಲ್ಲಿ ಕಾಣುತ್ತದೆ. ಜನ ಇಷ್ಟಪಟ್ಟು ತಿನ್ನುವ ‘ರಾಂಗೋಕ್’ ಅಣಬೆಗೂ, ಜೀವ ತೆಗೆಯುವ ‘ರಾಂಗೋಕ್ ಹಿನ್’ಗೂ ಮೊಗ್ಗಿನ ಹಂತದಲ್ಲಿ ಗುರುತು ಹಿಡಿಯುವಷ್ಟು ವ್ಯತ್ಯಾಸವಿಲ್ಲ. ತಿಂದ ಕೂಡಲೇ ಏನೂ ಆಗುವುದಿಲ್ಲ. ಆರೆಂಟು ಗಂಟೆ ಕಳೆದ ಮೇಲೆ ವಾಂತಿಭೇದಿ, ಆಮೇಲೆ ಪಿತ್ತಜನಕಾಂಗಕ್ಕೆ ಪೆಟ್ಟು. ಅಕ್ಕಿಯ ಜೊತೆ ಬೇಯಿಸಿ ಬಣ್ಣ ನೋಡುವುದು, ಬೆಳ್ಳಿಯ ಚಮಚ ಅದ್ದುವುದು ಮೊದಲಾದ ಪರೀಕ್ಷೆಗಳು ಯಾವ ಕೆಲಸಕ್ಕೂ ಬಾರವು. ಕುದಿಸಿದರೆ ವಿಷ ಹೋಗುವುದೂ ಇಲ್ಲ. ಮಳೆಗಾಲ ಬಂತೆಂದರೆ ಅಲ್ಲಿನ ಆರೋಗ್ಯ ಇಲಾಖೆ ಇದನ್ನೇ ಸಾರುತ್ತದೆ.

ಸಸ್ಯಾಹಾರಿಗಳು ಕೇಳುವ ಪ್ರಶ್ನೆ ಬೇರೆ: ಮೀನಿನ ಸಾಸಿಲ್ಲದೆ ಇದೆಲ್ಲ ಆಗುತ್ತದೆಯೇ? ಥಾಯ್ಲೆಂಡಿನಲ್ಲೇ ಉತ್ತರವಿದೆ. ಚೀನೀ ಪಂಚಾಂಗದ ಒಂಬತ್ತನೇ ತಿಂಗಳಿನಲ್ಲಿ ಒಂಬತ್ತು ದಿನ ನಡೆಯುವ ‘ಕಿನ್ ಜೇ’ ಹಬ್ಬಕ್ಕೆ ಫುಕೆಟ್ ಹೆಸರುವಾಸಿ. ಆ ದಿನಗಳಲ್ಲಿ ಹಳದಿ ಬಾವುಟ ಕಟ್ಟಿದ ಅಂಗಡಿಗಳಲ್ಲಿ ಮಾಂಸವಿಲ್ಲ, ಮೀನಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಡಿಯ ಅಡುಗೆಯ ಹಾಗೆಯೇ ಎನ್ನುವಷ್ಟರಲ್ಲಿ ದೊಡ್ಡ ವ್ಯತ್ಯಾಸ ಎದುರಾಗುತ್ತದೆ. ಮನುಸ್ಮೃತಿ ಈರುಳ್ಳಿ ಬೆಳ್ಳುಳ್ಳಿಯ ಜೊತೆಗೇ ಅಣಬೆಯನ್ನೂ ನಿಷೇಧದ ಸಾಲಿಗೆ ಸೇರಿಸಿದೆ. ಮಡಿಯ ಮನೆಗಳಲ್ಲಿ ಅದು ಒಳಗೆ ಬರುವುದಿಲ್ಲ. ಕಿನ್ ಜೇ ಅಡುಗೆಗೆ ಅಣಬೆಯೇ ಆಸರೆ. ಉಪ್ಪಿಗೆ ತಿಳಿ ಸೋಯಾ ಸಾಸು, ಸಿಂಪಿಯ ಸಾಸಿನ ಜಾಗಕ್ಕೆ ಅಣಬೆಯದೇ ಸಾಸು, ಸಾರಿನ ಸತ್ವಕ್ಕೆ ಒಣ ಶಿಟಾಕೆ ಅಣಬೆ ನೆನೆಸಿದ ನೀರು.

ನಮ್ಮ ಅಡುಗೆಮನೆಯಲ್ಲಿ ಶುರುಮಾಡಲು ಎಲ್ಲಕ್ಕಿಂತ ಸುಲಭವಾದದ್ದು ಚಿಪ್ಪಣಬೆಯ ಲಾಬ್. ಎರಡು ಚಮಚ ಅಕ್ಕಿಯನ್ನು ಸಣ್ಣ ಉರಿಯಲ್ಲಿ ಕಡುಗಂದು ಬಣ್ಣಕ್ಕೆ ಹುರಿದು, ಆರಿದ ಮೇಲೆ ತರಿತರಿಯಾಗಿ ಕುಟ್ಟಿಟ್ಟುಕೊಳ್ಳಿ. ಅಂಟಕ್ಕಿ ಸಿಗದಿದ್ದರೆ ದಪ್ಪಕ್ಕಿ ಸಾಕು. ಸಿಗಿದ ಅಣಬೆಯನ್ನು ಎಣ್ಣೆಯಿಲ್ಲದ ಬಿಸಿ ಬಾಣಲೆಯಲ್ಲಿ ನಾಲ್ಕು ಹನಿ ನೀರು ಚಿಮುಕಿಸಿ ಬಾಡಿಸಿ, ಮೆತ್ತಗಾಗುವ ಮೊದಲೇ ಇಳಿಸಿ. ಸೋಯಾ ಸಾಸು ಅಥವಾ ಉಪ್ಪು, ನಿಂಬೆರಸ, ಹುರಿದ ಒಣಮೆಣಸಿನ ಪುಡಿ, ತೆಳ್ಳಗೆ ಹೆಚ್ಚಿದ ಸಾಂಬಾರ್ ಈರುಳ್ಳಿ, ಪುದೀನ. ಮಲೆನಾಡಿನ ಹಿತ್ತಿಲುಗಳಲ್ಲಿ ಬೆಳೆಯುವ ಉದ್ದೆಲೆಯ ಕಾಡು ಕೊತ್ತಂಬರಿ ಇದ್ದರೆ ಅದನ್ನು ಬಿಡಬೇಡಿ, ಇಸಾನಿನವರು ಹಾಕುವುದೂ ಅದನ್ನೇ. ಅಕ್ಕಿಪುಡಿ ಎಲ್ಲಕ್ಕಿಂತ ಕೊನೆಗೆ. ಹಸಿ ಎಲೆಕೋಸು, ಸೌತೆಕಾಯಿ, ಅಲಸಂದೆಯ ಎಳೆ ಕೋಡು ಜೊತೆಗಿರಲಿ. ಕಲಸಿ ಇಟ್ಟರೆ ಪುಡಿ ನೀರು ಹೀರಿ ಮುದ್ದೆಯಾಗುತ್ತದೆ; ಊಟಕ್ಕೆ ಎಲ್ಲರೂ ಕೂತ ಮೇಲೆಯೇ ಕಲಸಿ.